ಕ್ಲೀನರ್ ಕೊಂದ ನೆಟ್, ಫಾರ್ಮ್ಯಾಟ್ ಇಲ್ಲದೆ ಮತ್ತೆ ಬಂತು

"ಫಾರ್ಮ್ಯಾಟ್ ಹೊಡಿ, ಟೈಮ್ ವೇಸ್ಟ್ ಮಾಡಬೇಡ" ಅಂತ ಗೆಳೆಯರೆಲ್ಲ ಒಂದೇ ಸಮನೆ ಹೇಳುತ್ತಿದ್ದರು. ಹೊಡೆಯಲಿಲ್ಲ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಅಣ್ಣನ ಮನೆಯ ಡೆಸ್ಕ್‌ಟಾಪ್, ವಿಂಡೋಸ್ 10. ಯಾವುದೋ ರಿಜಿಸ್ಟ್ರಿ ಕ್ಲೀನರ್ (ವಿಂಡೋಸ್ ತನ್ನ ಸೆಟ್ಟಿಂಗ್‌ಗಳನ್ನೆಲ್ಲ ಇಡುವ ರಿಜಿಸ್ಟ್ರಿಯನ್ನು 'ಸ್ವಚ್ಛ' ಮಾಡುವ ಪ್ರೋಗ್ರಾಂ) ಹಾಕಿ, ಅದು ತೋರಿಸಿದ ನೂರಾರು 'ದೋಷ'ಗಳನ್ನೂ ಒಂದೇ ಏಟಿಗೆ ಡಿಲೀಟ್ ಮಾಡಿದ್ದ. ಅದಕ್ಕೆ ದುಡ್ಡು ಬೇರೆ ಕೊಟ್ಟಿದ್ದ! ರೀಸ್ಟಾರ್ಟ್ ಆದ ಮೇಲೆ ನೆಟ್ ಇಲ್ಲ. ರಿಪೇರಿಯವರ ಮಾತು ಕೇಳಿ ಹೊಸ ನೆಟ್‌ವರ್ಕ್ ಕಾರ್ಡ್ ಕೊಂಡ, ಅದೂ ದಂಡ.

ಕೇಬಲ್, ರೂಟರ್, ಡ್ರೈವರ್ ಪರೀಕ್ಷಿಸಿದ ಕಥೆ ನಿಮಗೆ ಗೊತ್ತಿರುವುದೇ, ಬಿಡಿ. ನೆಟ್‌ವರ್ಕ್ ವಿಳಾಸ ತೋರಿಸುವ ಐಪಿಕಾನ್ಫಿಗ್ ಕಮಾಂಡ್ ಕೊಟ್ಟರೆ 169.254ರ ವಿಳಾಸ, ಅಂದರೆ ರೂಟರಿನಿಂದ ವಿಳಾಸ ಸಿಗದೆ ಪಿಸಿ ತಾನೇ ಹಾಕಿಕೊಂಡದ್ದು. ಹೊಸ ಕಾರ್ಡಿನಲ್ಲೂ ಅದೇ. ಮೊಬೈಲ್ ಸಿಕ್ಕಿಸಿ ಯುಎಸ್‌ಬಿ ಟೆದರಿಂಗ್ ಮಾಡಿದರೂ ಅದೇ. ಹಾಗಾದರೆ ಹಾರ್ಡ್‌ವೇರ್ ಅಲ್ಲ, ಅಲ್ವಾ? ಕೈಯಾರೆ ಐಪಿ ಹಾಕಿದೆ, ಆಗಲೂ ಬ್ರೌಸರ್ ಜಪ್ಪಯ್ಯ ಅನ್ನಲಿಲ್ಲ.

ಎಲ್ಲರೂ ಹೇಳುವ, ನೆಟ್‌ವರ್ಕ್ ಸೆಟ್ಟಿಂಗ್‌ಗಳನ್ನು ಮೊದಲಿನಂತೆ ಮಾಡುವ ವಿನ್‌ಸಾಕ್ ರೀಸೆಟ್, ಐಪಿ ರೀಸೆಟ್ ಎರಡನ್ನೂ ಮಾಡಿದೆ. ಏನೂ ಆಗಲಿಲ್ಲ. ವಿಂಡೋಸಿನದೇ ಎಸ್‌ಎಫ್‌ಸಿ ಸ್ಕ್ಯಾನ್ ಸುಮಾರು ಅರ್ಧ ಗಂಟೆ ತಿಂದು, ಎಲ್ಲ ಸರಿಯಿದೆ ಅಂತು. ಅದು ನೋಡುವುದು ಸಿಸ್ಟಮ್ ಫೈಲುಗಳನ್ನು, ಫೈಲುಗಳು ಸರಿಯಾಗೇ ಇದ್ದವು. ಹಿಂದಿನ ಸ್ಥಿತಿಗೆ ಮರಳಲು ರಿಸ್ಟೋರ್ ಪಾಯಿಂಟ್ ಇರಲಿಲ್ಲ. ರಿಜಿಸ್ಟ್ರಿಯ ಬ್ಯಾಕಪ್ ಇರಬೇಕಾದ ರೆಗ್‌ಬ್ಯಾಕ್ ಫೋಲ್ಡರ್ ನಂಬಬೇಡಿ, ವಿಂಡೋಸ್ 10ರ 1803 ಆವೃತ್ತಿಯಿಂದ ಈಚೆಗೆ ಅಲ್ಲಿನ ಫೈಲುಗಳ ಗಾತ್ರ ಸೊನ್ನೆ.

ಸುಳಿವು ಸಿಕ್ಕಿದ್ದು ಸರ್ವೀಸಸ್‌ನಲ್ಲಿ, ಅಂದರೆ ಹಿನ್ನೆಲೆಯಲ್ಲಿ ಓಡುವ ಪ್ರೋಗ್ರಾಂಗಳ ಪಟ್ಟಿಯಲ್ಲಿ. ರೂಟರಿನಿಂದ ವಿಳಾಸ ಕೇಳಿ ಪಡೆಯುವ ಡಿಎಚ್‌ಸಿಪಿ ಕ್ಲೈಂಟ್ ಸ್ಟಾರ್ಟ್ ಮಾಡಿದರೆ 1075 ಎರರ್, ಅಂದರೆ ಅದು ನೆಚ್ಚಿಕೊಂಡಿರುವ ಇನ್ನೊಂದು ಸರ್ವೀಸೇ ಇಲ್ಲ. ಅದು ನೆಚ್ಚಿಕೊಂಡಿರುವ ಎಎಫ್‌ಡಿ (ಪ್ರೋಗ್ರಾಂಗಳನ್ನು ನೆಟ್‌ವರ್ಕಿಗೆ ಜೋಡಿಸುವ ವಿಂಡೋಸ್ ಡ್ರೈವರ್) ಬಗ್ಗೆ ವಿಚಾರಿಸಿದೆ, 1060 ಬಂತು, ಅಂಥ ಸರ್ವೀಸ್ ಇಲ್ಲ ಅಂತ. ಡ್ರೈವರ್ಸ್ ಫೋಲ್ಡರಿನಲ್ಲಿ ಅದರ ಫೈಲ್ ಆರಾಮಾಗಿ ಕೂತಿದೆ, ರಿಜಿಸ್ಟ್ರಿಯಲ್ಲಿ ಹೆಸರೇ ಮಾಯ. ಊಟದ ಎಲೆ ಹಾಕಿದೆ, ಬಡಿಸುವವನೇ ಇಲ್ಲ ಅನ್ನುವ ಹಾಗೆ.

ನನ್ನ ಲ್ಯಾಪ್‌ಟಾಪಿನಲ್ಲೂ ಅದೇ ವಿಂಡೋಸ್ ಬಿಲ್ಡ್ (ಆವೃತ್ತಿಯ ನಂಬರ್) ಇತ್ತು. ಅದರ ರಿಜಿಸ್ಟ್ರಿಯಿಂದ ಸರ್ವೀಸಸ್ ಕೆಳಗಿನ ಎಎಫ್‌ಡಿ ಕೀಯನ್ನು (ಎಎಫ್‌ಡಿಯ ಸೆಟ್ಟಿಂಗ್‌ಗಳಿರುವ ಭಾಗ) ಎಕ್ಸ್‌ಪೋರ್ಟ್ ಮಾಡಿ ಪೆನ್‌ಡ್ರೈವಿನಲ್ಲಿ ತಂದು ಇಂಪೋರ್ಟ್ ಮಾಡಿದೆ. ಆ ಕೀಯಲ್ಲಿ ಸ್ಟಾರ್ಟ್ ವ್ಯಾಲ್ಯೂ 1 (ವಿಂಡೋಸ್ ಶುರುವಾಗುವಾಗಲೇ ಓಡು ಅಂತ) ಇದೆಯಾ ನೋಡಿಕೊಳ್ಳಿ. ಬಿಲ್ಡ್ ಬೇರೆಯಾಗಿದ್ದರೆ ಈ ಕೆಲಸಕ್ಕೆ ಕೈ ಹಾಕಬೇಡಿ. ಇನ್ನೂ ಯಾವ ಕೀಗಳು ಹೋಗಿವೆ ಅಂತ ಎರಡೇ ನಿಮಿಷದಲ್ಲಿ ಹಿಡಿಯುವ ಉಪಾಯ ಒಂದಿದೆ, ಅದು ನನ್ನ ಹತ್ತಿರವೇ ಇರಲಿ! ಆಮೇಲೆ ಎರಡೂ ರೀಸೆಟ್ ಮತ್ತೆ ಮಾಡಿ ರೀಸ್ಟಾರ್ಟ್ ಕೊಟ್ಟೆ. ರೂಟರ್ ಕೊಟ್ಟ 192.168ರ ವಿಳಾಸ ಬಂತು, ನೆಟ್ ಮರಳಿತು. ಫಾರ್ಮ್ಯಾಟ್ ಅಂದವರಿಗೆಲ್ಲ ಸ್ಕ್ರೀನ್‌ಶಾಟ್ ಕಳಿಸಿದೆ.

ಕುತೂಹಲಕ್ಕೆ ವರ್ಚುವಲ್ ಮಷೀನಿನಲ್ಲಿ (ಪಿಸಿಯೊಳಗೇ ಓಡುವ ಇನ್ನೊಂದು ಪಿಸಿ) ಅದೇ ಕ್ಲೀನರ್ ಓಡಿಸಿ, ಮುಂಚಿನ ಮತ್ತು ಆಮೇಲಿನ ರಿಜಿಸ್ಟ್ರಿ ಎಕ್ಸ್‌ಪೋರ್ಟ್‌ಗಳನ್ನು ಹೋಲಿಸಿದೆ. ಅಲ್ಲಿ ಎಎಫ್‌ಡಿ ಮುಟ್ಟಲೇ ಇಲ್ಲ, ಯಾಕೋ. ಕ್ಲೀನರ್ ಓಡಿಸಿದ ಮೇಲೆ ಬೂಟ್ ಆಗುವ ಹೊತ್ತಿನಲ್ಲಿ ಒಂದು ಸೆಕೆಂಡಿನ ವ್ಯತ್ಯಾಸವೂ ಕಾಣಲಿಲ್ಲ. ದಂಡವಾದ ಕಾರ್ಡ್ ಈಗ ನನ್ನ ಹಳೇ ಪಿಸಿಯಲ್ಲಿದೆ, ಚೆನ್ನಾಗೇ ಓಡುತ್ತಿದೆ.