ಗೊತ್ತಿರೋ ಕತೆಯಿಂದಲೇ ಸಸ್ಪೆನ್ಸ್: ಹಾನಗಲ್ಲಿನ ಹದಿಮೂರು ಕಂತು

ಕೀಚಕನನ್ನು ಕೊಂದವರು ಯಾರು ಅಂತ ನಮ್ಮ ಕಡೆ ಐದನೇ ಕ್ಲಾಸಿನ ಹುಡುಗನಿಗೂ ಗೊತ್ತು. ಅದೇ ಕತೆ ಇಟ್ಟುಕೊಂಡು ಸಸ್ಪೆನ್ಸ್ ಸೀರಿಯಲ್ ಬರೀತೀನಿ ಅಂದಾಗ ಬೆಂಗಳೂರಿನ ಒಂದು ಚಾನೆಲ್‌ನವರು ಚಹಾ ಕೊಟ್ಟು, ನಕ್ಕು, ಕಳಿಸಿಕೊಟ್ಟರು. "ಉತ್ತರ ಗೊತ್ತಿರೋ ಒಗಟನ್ನ ಯಾರು ಬಿಡಿಸ್ತಾರೆ ಸರ್?" ಅಂದರು. ಧಾರವಾಡದ ಗೆಳೆಯರೂ ಅದನ್ನೇ ಅಂದರು, ಅಲ್ಲಿ ಚಹಾದ ದುಡ್ಡು ಮಾತ್ರ ನನ್ನದು. ಈಗ ಹದಿಮೂರು ಕಂತೂ ಮುಗಿದಿವೆ. ಮೊದಲು ಹುಬ್ಬಳ್ಳಿ ಕೇಬಲ್‌ನಲ್ಲಿ, ಆಮೇಲೆ ಯೂಟ್ಯೂಬ್‌ನಲ್ಲಿ ಓಡಿದವು. ಹೋದ ತಿಂಗಳು ಅದೇ ಚಾನೆಲ್‌ನಿಂದ ಫೋನ್ ಬಂತು. ಹೆಂಗ ಮಾಡಿದ್ರಿ ಅಂತ ಕೇಳುವವರು ಜಾಸ್ತಿ ಆಗಿದ್ದಾರೆ, ಅದಕ್ಕೇ ಬರೆಯುತ್ತಿದ್ದೇನೆ. ಸ್ಕ್ರೀನ್‌ಪ್ಲೇ ಪಾಠ ಇಲ್ಲಿಲ್ಲ, ಅದು ನಿಮಗೆಲ್ಲ ಗೊತ್ತಿರುವುದೇ.

ಮೊದಲು ಸೋತದ್ದು ಹೇಳುತ್ತೇನೆ. ನಾನು ಶುರು ಮಾಡಿದ್ದು ಶಮಂತಕ ಮಣಿಯಿಂದ. ಪತ್ತೇದಾರಿ ಕತೆ ಅಂದರೆ ಅದೇ ಅಲ್ವಾ? ಮಣಿ ಇಲ್ಲ, ಮಣಿ ಹಾಕಿಕೊಂಡು ಹೋದ ಪ್ರಸೇನ ಇಲ್ಲ, ಊರೆಲ್ಲ ಕೃಷ್ಣನ ಮೇಲೆ ಅನುಮಾನ. ಕೃಷ್ಣ ಹೆಜ್ಜೆ ಹಿಡಿದು ಕಾಡಿಗೆ ಹೋಗುತ್ತಾನೆ. ಪ್ರಸೇನನ ಹೆಣ, ಮುಂದೆ ಸಿಂಹದ ಹೆಣ, ಅಲ್ಲಿಂದ ಕರಡಿ ಹೆಜ್ಜೆ, ಗುಹೆ, ಜಾಂಬವಂತ. ಆರೋಪಿಯೇ ತನಿಖೆ ಮಾಡಿ ತನ್ನ ಮೇಲಿನ ಮಸಿ ತೊಳೆದುಕೊಳ್ಳುತ್ತಾನೆ. ನಾನು ಅದನ್ನು ಗದಗಿನ ಒಂದು ಬಂಗಾರದ ಅಂಗಡಿಗೆ ತಂದು ಮೂರು ಕಂತು ಬರೆದೆ. ಮನೆಯಲ್ಲಿ ಓದಿದೆ. ಅವ್ವ ಮೆಂತ್ಯ ಪಲ್ಲೆ ಬಿಡಿಸುತ್ತಾ ಕೇಳುತ್ತಿದ್ದಳು. ಎರಡನೇ ಕಂತಿನ ಅರ್ಧಕ್ಕೇ, "ಇದು ಚೌತಿ ಕತಿ ಅಲ್ಲೇನೋ ತಮ್ಮಾ? ಅಂವ ಕದ್ದಿಲ್ಲ ಬಿಡು, ಚಂದ್ರನ್ನ ನೋಡ್ಯಾನ" ಅಂದಳು. ಮೂರನೇ ಕಂತು ಓದಲೇ ಇಲ್ಲ.

ಎರಡನೇ ಸಲ ಅರಗಿನ ಮನೆ ಹಿಡಿದೆ. ಮೊದಲ ಪೆಟ್ಟಿನಿಂದ ಕಲಿತು, ಪಾಂಡವರನ್ನು ಬಿಟ್ಟು ಬರೀ ಲೆಕ್ಕವನ್ನು ತೆಗೆದುಕೊಂಡೆ. ಸುಟ್ಟ ಮನೆಯಲ್ಲಿ ಒಬ್ಬ ಹೆಂಗಸು, ಐದು ಗಂಡಸರ ಹೆಣ ಸಿಕ್ಕವು, ಹಾಗಾಗಿ ಕುಂತಿ ಮತ್ತು ಮಕ್ಕಳು ಸತ್ತರು ಅಂತ ಹಸ್ತಿನಾವತಿ ನಂಬಿತು. ಹೆಣದ ಎಣಿಕೆ ಸರಿ, ಗುರುತು ತಪ್ಪು. ಇದಕ್ಕಿಂತ ಒಳ್ಳೆ ಟ್ವಿಸ್ಟ್ ನನಗಂತೂ ಬೇರೆ ಸಿಕ್ಕಿಲ್ಲ. ನನ್ನ ಕತೆಯಲ್ಲಿ ಅದು ಹುಬ್ಬಳ್ಳಿ ಹೊರಗಿನ ಜಿನ್ನಿಂಗ್ ಫ್ಯಾಕ್ಟರಿ, ಇನ್ಶೂರೆನ್ಸ್ ದುಡ್ಡಿಗಾಗಿ ಹಚ್ಚಿದ ಬೆಂಕಿ. ಮುಚ್ಚಿದ್ದ ಒಂದು ಗೋಡೌನ್ ಬಾಡಿಗೆಗೆ ಹಿಡಿದೆವು. ಎರಡು ಲೋಡ್ ವೇಸ್ಟ್ ಹತ್ತಿ ತಂದು ಅಂಗಳದಲ್ಲಿ ಒಟ್ಟಿದೆವು. ಶೂಟಿಂಗ್ ದಿನ ಸಂಜೆ ಅಡ್ಡ ಮಳೆ ಬಂತು. ಒದ್ದೆ ಹತ್ತಿ ಉರಿಯುವುದಿಲ್ಲ, ಬರೀ ಹೊಗೆಯಾಡುತ್ತದೆ. ಕ್ಯಾಮೆರಾದಲ್ಲಿ ನೋಡಿದರೆ ಯಾರೋ ಕಸ ಸುಡುತ್ತಿದ್ದಂತೆ ಕಾಣುತ್ತಿತ್ತು. ಸುಮಾರು 60 ಸಾವಿರ ಹೋಯಿತು. ದುಡ್ಡು ಹಾಕಿದ್ದ ಗೆಳೆಯ, ಮದುವೆ ವಿಡಿಯೋ ಸ್ಟುಡಿಯೋ ಇಟ್ಟವನು, ಎರಡು ತಿಂಗಳು ನನ್ನ ಫೋನ್ ಎತ್ತಲಿಲ್ಲ.

ಆ ಎರಡು ತಿಂಗಳಲ್ಲಿ ತಲೆಯಲ್ಲಿ ಉಳಿದದ್ದು ಬೆಂಕಿಯಲ್ಲ, ಆ ಹೆಂಗಸು. ಉಂಡು ಕುಡಿದು ಅಲ್ಲೇ ಮಲಗಿದ್ದ ಬೇಡರ ಹೆಂಗಸು, ಅವಳ ಐದು ಮಕ್ಕಳು. ಅವರ ಕಡೆಯವರು ಯಾರೂ ಬಂದು ಕೇಳಲಿಲ್ಲವೇ? ಅವರಿಗೊಂದು ಹೆಸರೂ ಇಲ್ಲ. ಇದನ್ನು ನೋಟ್‌ಬುಕ್ಕಿನಲ್ಲಿ ಬರೆದಿಟ್ಟುಕೊಂಡೆ. ಮುಂದೆ ಕೈ ಹಿಡಿದದ್ದು ಈ ಒಂದು ಸಾಲು.

ಮೂರನೇ ಸಲ ವಿರಾಟಪರ್ವ. ಹುಬ್ಬಳ್ಳಿಯಿಂದ ಹಾನಗಲ್ಲಿಗೆ ಸುಮಾರು 80 ಕಿಲೋಮೀಟರ್. ಅಲ್ಲಿಯ ಜನ ತಮ್ಮೂರೇ ವಿರಾಟನಗರಿ ಅನ್ನುತ್ತಾರೆ. ಕುಂತಿದಿಬ್ಬ ಅಂತ ಒಂದು ದಿಬ್ಬ ತೋರಿಸುತ್ತಾರೆ. ತಾರಕೇಶ್ವರ ಗುಡಿ ನೋಡಲು ಹೋದವನು ಈ ದಿಬ್ಬದ ಮೇಲೆ ಕೂತೇ ಒನ್‌ಲೈನ್ ಬರೆದೆ. ಊರ ಸಾಹುಕಾರನ ಹೆಂಡತಿಯ ತಮ್ಮ, ಕಾಂಟ್ರಾಕ್ಟರ್, ಒಂದು ರಾತ್ರಿ ಕೊಲೆಯಾಗುತ್ತಾನೆ. ಊರಿಗೆ ಹೊಸದಾಗಿ ಬಂದ ಒಬ್ಬಳು ಬ್ಯೂಟಿ ಪಾರ್ಲರ್ ಇಟ್ಟಿದ್ದಾಳೆ. ಖಾನಾವಳಿಯಲ್ಲಿ ರೊಟ್ಟಿ ಬಡಿಯುವವನು ಆರಡಿ ಆಳು. ಒಬ್ಬ ಡ್ಯಾನ್ಸ್ ಮೇಷ್ಟ್ರು, ಒಬ್ಬ ಇಸ್ಪೀಟ್ ಕ್ಲಬ್ಬಿನವನು. ಎಲ್ಲರೂ ಬಂದು ಒಂದು ವರ್ಷವೂ ಆಗಿಲ್ಲ.

ನೋಡುವವರಿಗೆ ನಾಲ್ಕನೇ ಕಂತಿಗೆ ಗೊತ್ತಾಗಿಬಿಡುತ್ತದೆ. ಗೊತ್ತಾಗಲಿ ಅಂತಲೇ ಬರೆದದ್ದು. "ಇಂವ ವಲಲ, ಇಂವನ ಕೊಂದಾನ" ಅಂತ, ಅಂದರೆ ಇವನೇ ಅಡುಗೆಯವನ ವೇಷದ ಭೀಮ ಅಂತ, ಮನೆಮಂದಿಯೆಲ್ಲ ತೀರ್ಮಾನ ಮಾಡಿ ಅಡುಗೆಯವನನ್ನು ಬಿಟ್ಟು ಬೇರೆ ಯಾರನ್ನೂ ನೋಡುವುದಿಲ್ಲ. ಶಮಂತಕದಲ್ಲಿ ನಾನು ಕತೆಯನ್ನು ಬಚ್ಚಿಡಲು ಹೋಗಿ ಸಿಕ್ಕಿಬಿದ್ದೆ. ಇಲ್ಲಿ ಎದುರಿಗೇ ಇಟ್ಟು ಅದರ ಹಿಂದೆ ಇನ್ನೊಂದನ್ನು ಬಚ್ಚಿಟ್ಟೆ. ಪಾಂಡವರು ಬನ್ನಿ ಮರದಲ್ಲಿ ಆಯುಧದ ಗಂಟು ಕಟ್ಟಿ, ಯಾರೂ ಹತ್ತಿರ ಬರಬಾರದು ಅಂತ ಮೇಲೆ ಒಂದು ಹೆಣ ತೂಗುಹಾಕಿದರಲ್ಲ, ಹಾಗೆ. ಒಂಬತ್ತನೇ ಕಂತಿನಲ್ಲಿ ರೊಟ್ಟಿಯವನು ಆ ರಾತ್ರಿ ಊರಲ್ಲೇ ಇರಲಿಲ್ಲ ಅಂತ ಸಾಬೀತಾಗುತ್ತದೆ. ಅಲ್ಲಿಂದ ನೋಡುವವರಿಗೆ ನೆಲ ಕುಸಿದ ಹಾಗೆ. ನನ್ನ ಊರಲ್ಲಿ ಒಂದು ಪಾತ್ರ ವಿರಾಟಪರ್ವದ್ದಲ್ಲ, ಅರಗಿನ ಮನೆಯಿಂದ ಬಂದದ್ದು. ಯಾವುದು ಅಂತ ಇಲ್ಲಿ ಹೇಳಲ್ಲ. ಆ ಪಾತ್ರವನ್ನು ಎಂಟು ಕಂತು ಕಣ್ಣೆದುರಿಗೇ ಇಟ್ಟೂ ಹೇಗೆ ಕಾಣದ ಹಾಗೆ ಮಾಡಿದೆ ಅನ್ನುವುದನ್ನಂತೂ ಹೇಳುವುದೇ ಇಲ್ಲ, ಅದು ನನ್ನ ಹೊಟ್ಟೆಪಾಡು.

ಸುಳಿವುಗಳ ವಿಷಯಕ್ಕೆ ಬರೋಣ. ಬೆರಳಚ್ಚು, ಸಿಸಿಟಿವಿ, ಕಾಲ್ ಲಿಸ್ಟ್ ಎಲ್ಲ ಎಲ್ಲರೂ ಮಾಡಿದ್ದಾರೆ. ನನಗೆ ಎರಡು ಸುಳಿವು ಕುಮಾರವ್ಯಾಸನಿಂದ ಸಿಕ್ಕವು. ಕೊಲೆಗೆ ಮೊದಲು ಸಾಹುಕಾರನ ಮನೆಗೆ ಒಂದು ಬೆದರಿಕೆ ಚೀಟಿ ಬರುತ್ತದೆ, ಪದ್ಯದಲ್ಲಿ. ಪೊಲೀಸರು ಅದರಲ್ಲಿದ್ದ ನಾಗಪ್ಪ ಅನ್ನುವ ಹೆಸರು ಹಿಡಿದು ಹೋಗುತ್ತಾರೆ. ರಿಟೈರ್ಡ್ ಕನ್ನಡ ಮಾಸ್ತರು ಮಾತ್ರ ಬೆರಳು ಮಡಚಿ ಎಣಿಸುತ್ತಾರೆ. ಅದು ಭಾಮಿನಿ ಷಟ್ಪದಿ, ಕುಮಾರವ್ಯಾಸ ಭಾರತ ಬರೆದ ಆರು ಸಾಲಿನ ಛಂದಸ್ಸು. ಮೂರನೇ ಸಾಲಿಗೆ 23 ಮಾತ್ರೆ (ಅಕ್ಷರ ಉಚ್ಚರಿಸುವ ಕಾಲದ ಅಳತೆ) ಬರಬೇಕು, ಇಲ್ಲಿ 24 ಇದೆ. ಮಿಕ್ಕ ಸಾಲೆಲ್ಲ ಸರಿ. ನಾಗಪ್ಪ ಅಂದರೆ ಐದು ಮಾತ್ರೆ. ಆ ಜಾಗದಲ್ಲಿ ನಾಲ್ಕು ಮಾತ್ರೆಯ ಹೆಸರಿತ್ತು, ಯಾರೋ ಬದಲಿಸಿದ್ದಾರೆ. ಊರಲ್ಲಿ ಬಸಪ್ಪ ಅನ್ನುವವನೊಬ್ಬ ಇದ್ದಾನೆ. ಆ ದೃಶ್ಯ ಒಂದೂವರೆ ನಿಮಿಷ, ಮಾಸ್ತರ ಬೆರಳು ಬಿಟ್ಟು ಬೇರೇನೂ ತೋರಿಸಿಲ್ಲ. ಜನ ಹೆಚ್ಚು ಮಾತಾಡಿದ್ದು ಅದರ ಬಗ್ಗೆಯೇ.

ಪದ್ಯ ಬರೆಯುವುದು ಸುಲಭ ಅಂದುಕೊಂಡಿದ್ದೆ. ಕಾವ್ಯವನ್ನು ರಾಗವಾಗಿ ಓದುವ ಗದಗಿನ ಒಬ್ಬ ಹಿರಿಯ ಗಮಕಿಗಳ ಮುಂದೆ ಇಟ್ಟೆ. ಎರಡನೇ ಸಾಲಿಗೇ ನಿಲ್ಲಿಸಿ, "ಇದರಾಗ ಒಂದಲ್ಲರೀ, ನಾಕು ಕಡೆ ತಪ್ಪೇತಿ. ಯಾವ ತಪ್ಪು ನಿಮ್ದು, ಯಾವ್ದು ಕಳ್ಳಂದು?" ಅಂದರು. ಆರು ಸಾಲಿಗೆ ಮೂರು ವಾರ ಹಿಡಿಯಿತು.

ಇನ್ನೊಂದು ಸುಳಿವು ಒದ್ದೆ ಪಂಚೆ. ಕುಮಾರವ್ಯಾಸ ಗದಗಿನ ಕೋನೇರಿ ಹೊಂಡದಲ್ಲಿ ಮಿಂದು, ಒದ್ದೆ ಬಟ್ಟೆಯಲ್ಲೇ ವೀರನಾರಾಯಣ ಗುಡಿಯ ಕಂಬಕ್ಕೊರಗಿ ಕೂತು, ಬಟ್ಟೆ ಆರುವವರೆಗೆ ಕಾವ್ಯ ಹೇಳುತ್ತಿದ್ದ ಅಂತ ನಮ್ಮ ಕಡೆ ಹೇಳುತ್ತಾರೆ. ಹಾಗಾದರೆ ಎಷ್ಟು ಹೊತ್ತು? ಮೇ ತಿಂಗಳಲ್ಲಿ ಗದಗ-ಬೆಟಗೇರಿಯ ಮಾಳಿಗೆ ಮೇಲೆ ತೆಳು ಪಂಚೆ ಉಟ್ಟು ನಾನೇ ಕೂತೆ. 35-40 ನಿಮಿಷಕ್ಕೆ ಗರಿಗರಿ. ಪಕ್ಕದ ಮನೆಯವರು ಯಾವುದೋ ವ್ರತ ಅಂದುಕೊಂಡು ಪ್ರಸಾದ ಯಾವಾಗ ಅಂತ ಕೇಳಿದರು. ಜುಲೈನಲ್ಲಿ ಹಾನಗಲ್ಲಿನ ಜಿಟಿಜಿಟಿ ಮಳೆಯಲ್ಲಿ ಪಡಸಾಲೆಯಲ್ಲಿ ಕೂತೆ. ಐದು ತಾಸಾದರೂ ಅಂಚು ಹಸಿ, ಮೇಲೆ ನೆಗಡಿ ಬೇರೆ. ನನ್ನ ಕತೆಯಲ್ಲಿ ಇದೇ ಅಲಿಬಿ ಆಯಿತು, ಅಂದರೆ ಕೊಲೆಯ ಹೊತ್ತಿಗೆ ನಾನು ಬೇರೆ ಕಡೆ ಇದ್ದೆ ಅನ್ನುವ ನೆಪ. ಗದಗಿನ ಕಡೆಯಿಂದ ಬಂದ ಗುಮಾಸ್ತ, "ಐದಕ್ಕೆ ಮಿಂದೆ, ಪಂಚೆ ಆರೋತನಕ ಗುಡಿ ಸುತ್ತಿದೆ, ಆರಕ್ಕೆ ಅಂಗಡಿ ತೆಗೆದೆ" ಅನ್ನುತ್ತಾನೆ. ಅವನೂರಲ್ಲಿ ಅದು ನಿಜ. ಶ್ರಾವಣದ ಹಾನಗಲ್ಲಿನಲ್ಲಿ ಸುಳ್ಳು.

ಕೆಲಸಕ್ಕೆ ಬಾರದ ಪ್ರಯೋಗವೂ ಒಂದಿದೆ. ರೋಣ ತಾಲೂಕಿನ ಸವಡಿಯ ದುರ್ಗಸಿಂಹ 1031ರಲ್ಲೇ ಕನ್ನಡದಲ್ಲಿ ಪಂಚತಂತ್ರ ಬರೆದವನು. ಅದರಲ್ಲಿ ದುಡ್ಡು ಕದ್ದ ದುಷ್ಟಬುದ್ಧಿ ಆಲದ ಮರವನ್ನೇ ಸಾಕ್ಷಿ ಅನ್ನುತ್ತಾನೆ, ಮರವೇ ಮಾತಾಡಿದಂತೆ ಮಾಡಲು ಪೊಟರೆಯಲ್ಲಿ ಅಪ್ಪನನ್ನು ಕೂರಿಸಿರುತ್ತಾನೆ. ಅಪ್ಪನ ಬದಲು ಬ್ಲೂಟೂತ್ ಸ್ಪೀಕರ್ ಇಡೋಣ ಅಂದುಕೊಂಡೆ. ಧಾರವಾಡದ ಹತ್ತಿರ ಒಂದು ಮರದಲ್ಲಿ ಇಟ್ಟು ನೋಡಿದರೆ ದನಿ ಗಂಟಲು ಕಟ್ಟಿದವನದರಂತೆ ಬಂತು, ಜೊತೆಗೆ ಬಾವಲಿಗಳೂ ಬಂದವು. ಸ್ಪೀಕರ್ ಮರದೊಳಗೆ ಜಾರಿ ಬಿತ್ತು. 1,800 ರೂಪಾಯಿ, ಇನ್ನೂ ಅಲ್ಲೇ ಇರಬೇಕು.

ದುಡ್ಡಿನ ಮಾತು. ಕಂತಿಗೆ 22 ನಿಮಿಷ, ಒಟ್ಟು ಖರ್ಚು 17-18 ಲಕ್ಷ. ಸ್ಟುಡಿಯೋ ಗೆಳೆಯ ಮತ್ತೆ ಬಂದ, ಕ್ಯಾಮೆರಾ ಅವನದೇ. ಮದುವೆ ಸೀಸನ್ ಮುಗಿದ ಮೇಲೆ ಮಾತ್ರ ಶೂಟಿಂಗ್ ಅಂತ ಕರಾರು. ಹಾಗಾಗಿಯೇ ಕತೆ ಮಳೆಗಾಲದ್ದಾಯಿತು, ಪಂಚೆ ಸುಳಿವು ಸಿಕ್ಕಿದ್ದೂ ಹಾಗೆಯೇ. ಖಾನಾವಳಿಗೆ ದಿನಕ್ಕೆ 1,500, ಊಟ ಸೇರಿ. ಜಾಹೀರಾತು ಮತ್ತು ಯೂಟ್ಯೂಬ್ ಸೇರಿ ಈವರೆಗೆ 11 ಲಕ್ಷ ವಾಪಸ್ ಬಂದಿದೆ, ಚಾನೆಲ್‌ನವರು ಕೊಟ್ಟರೆ ಮಿಕ್ಕದ್ದೂ ತೀರುತ್ತದೆ.

ಕಾಂಟ್ರಾಕ್ಟರ್ ಪಾತ್ರ ಮಾಡಿದವರು ದೊಡ್ಡಾಟದಲ್ಲಿ ಇಪ್ಪತ್ತು ವರ್ಷ ಕೀಚಕನಾಗಿ ಕುಣಿದವರು. ಕೊಲೆ ತೋರಿಸಲ್ಲ, ಬೆಳಿಗ್ಗೆ ಚಾದರ ಹೊದಿಸಿದ ಹೆಣ ಅಷ್ಟೇ ಅಂದೆ. ಅವರಿಗೆ ಸಿಟ್ಟು ಬಂತು. "ಸಾಯೂದ ಇಲ್ಲಂದ್ರ ಕೀಚಕನ ಪಾರ್ಟ್ ಯಾಕ ಮಾಡ್ಲಿರಿ ಸರ? ಊರಾಗ ನನ್ನ ಸಾವು ನೋಡಾಕ ಮಂದಿ ಬರ್ತಾರ." ಕೊನೆಗೆ ಅವರಿಗಾಗಿಯೇ ಕತ್ತಲಲ್ಲಿ ಒಂದು ಕೂಗು ಸೇರಿಸಿದೆ. ಮೈಕ್ ಒಡೆಯುವ ಹಾಗೆ ಕೂಗಿದರು. ಇಡೀ ಸೀರಿಯಲ್‌ನಲ್ಲಿ ಅತ್ಯಂತ ಒಳ್ಳೆ ಸೌಂಡ್ ಅದೇ.

ಚಾನೆಲ್‌ನವರು ಮಾತನ್ನೆಲ್ಲ ಬೆಂಗಳೂರು ಕನ್ನಡಕ್ಕೆ ಡಬ್ ಮಾಡಿ ಅನ್ನುತ್ತಿದ್ದಾರೆ. ನಾನು ಇನ್ನೂ ಹೂಂ ಅಂದಿಲ್ಲ. ಅಷ್ಟರಲ್ಲಿ ಎರಡನೇ ಸೀಸನ್ ಶುರು ಮಾಡಿದ್ದೇನೆ. ವೀರನಾರಾಯಣ ಗುಡಿಗೆ ಬ್ರಾಹ್ಮಣನ ವೇಷದಲ್ಲಿ ಬಂದು ಅಶ್ವತ್ಥಾಮನೇ ನಾರಣಪ್ಪನಿಗೆ, ಅಂದರೆ ಕುಮಾರವ್ಯಾಸನಿಗೆ, ಭಾರತ ಹೇಳಿದ ಅನ್ನುವ ಕತೆ ಇದೆಯಲ್ಲ, ಅದರಿಂದ. ಊಟದ ಪಂಕ್ತಿಯಲ್ಲಿ ಒಂದು ಎಲೆ ಹೆಚ್ಚಿಗೆ ಬಿದ್ದಿದೆ, ಕೂತವರು ಯಾರು ಅಂತ ಯಾರಿಗೂ ಗೊತ್ತಿಲ್ಲ. ಮೊದಲ ದೃಶ್ಯ ಇಷ್ಟೇ ಬರೆದಿದ್ದೇನೆ. ಗೆಳೆಯನಿಗೆ ಹೇಳಿದೆ. ಮೊದಲು ಆ ಜಿನ್ನಿಂಗ್ ಗೋಡೌನಿನ ಬಾಡಿಗೆ ಬಾಕಿ ಮೂರು ಸಾವಿರ ಕೊಟ್ಟು ಬಾ ಅಂದ.