‘ಮುಂದೆ ಬರುತ್ತದೆ’ ಎಂದ ಸೌಲಭ್ಯವನ್ನು ಬರೆಸಿಕೊಳ್ಳಿ

ಹೊಸ ಕಾರು ಬುಕ್ ಮಾಡುವಾಗ ‘ಇದು ಮುಂದಿನ ಅಪ್‌ಡೇಟ್‌ನಲ್ಲಿ ಬರುತ್ತದೆ’ ಎಂದು ಷೋರೂಮಿನವರು ಹೇಳಿದ ಪ್ರತಿಯೊಂದು ಸೌಲಭ್ಯವನ್ನೂ ಬುಕಿಂಗ್ ಫಾರಂ ಮೇಲೆಯೇ ಬರೆಸಿ, ಸಹಿ ಮತ್ತು ಮೊಹರು ಹಾಕಿಸಿಕೊಳ್ಳಿ. ಸಾಫ್ಟ್‌ವೇರ್ ಪೂರ್ತಿಯಾಗುವ ಮೊದಲೇ ಕಾರು ಮಾರುವುದು ಈಗ ಹೊಸತಲ್ಲ. 2020ರಲ್ಲಿ ಯುರೋಪಿನಲ್ಲಿ ಫೋಕ್ಸ್‌ವ್ಯಾಗನ್ ಐಡಿ.3 ಮೊದಲ ಗ್ರಾಹಕರ ಕೈ ಸೇರಿದ್ದು ಎರಡು ಡಿಜಿಟಲ್ ಸೌಲಭ್ಯಗಳಿಲ್ಲದೆ. ಬಾಯಿಮಾತನ್ನು ಆಮೇಲೆ ಯಾರೂ ಒಪ್ಪುವುದಿಲ್ಲ. ಬರಹವಿದ್ದರೆ ಜಿಲ್ಲಾ ಗ್ರಾಹಕರ ಆಯೋಗದ ಮುಂದೆ ಅದೇ ಸಾಕ್ಷಿ. ಆದರೆ ಅಗತ್ಯವಾದ ಕ್ಯಾಮೆರಾ ಅಥವಾ ರೇಡಾರ್ ಕಾರಿನಲ್ಲೇ ಇಲ್ಲದಿದ್ದರೆ ಯಾವ ಅಪ್‌ಡೇಟ್‌ನಿಂದಲೂ ಆ ಸೌಲಭ್ಯ ಹುಟ್ಟುವುದಿಲ್ಲ. ಅವು ಇವೆಯೇ ಎಂದು ಮೊದಲೇ ಕೇಳಿ, ಕಣ್ಣಾರೆ ನೋಡಿ. ಬಂದ ಮೇಲೂ ಎಲ್ಲವೂ ನಮ್ಮ ಕಡೆಯ ರಸ್ತೆಗೆ ಒಗ್ಗುವುದಿಲ್ಲ. ಕಾರನ್ನು ಅದರ ಪಥದಲ್ಲೇ ಉಳಿಸುವ ವ್ಯವಸ್ಥೆ ರಸ್ತೆಯ ಗೆರೆಗಳನ್ನು ಕ್ಯಾಮೆರಾದಿಂದ ಗುರುತಿಸಿ ಕೆಲಸ ಮಾಡುತ್ತದೆ. ಮಳೆಗಾಲದಲ್ಲಿ ಕೊಟ್ಟಿಗೆಹಾರ ದಾಟಿ ಚಾರ್ಮಾಡಿ ಘಾಟಿಗೆ ಇಳಿಯುವಾಗ ಮಂಜಿನಲ್ಲಿ ಆ ಗೆರೆ ನಮ್ಮ ಕಣ್ಣಿಗೇ ಕಾಣದು. ಇನ್ನೂ ಬಾರದ ಇಂಥ ಸೌಲಭ್ಯವೊಂದಕ್ಕಾಗಿ ಹೆಚ್ಚು ಹಣ ತೆತ್ತು ದುಬಾರಿ ಮಾದರಿ ಕೊಳ್ಳುವುದು ನನಗಂತೂ ಸರಿ ಕಾಣುವುದಿಲ್ಲ.