ಗಣಿತದ ಮೇಡಂ ಚಿತ್ತಾರ ಬರೆದಿದ್ದು

ಬಿ.ಎಡ್‌ನಲ್ಲಿ ‘ಶಿಕ್ಷಣದಲ್ಲಿ ನಾಟಕ ಮತ್ತು ಕಲೆ’ ಅಂತ ಒಂದು ಪತ್ರಿಕೆ (ಪೇಪರ್) ಇದೆ. ಶಿಕ್ಷಕರ ತರಬೇತಿಗೆ ನಿಯಮ ಮಾಡುವ ರಾಷ್ಟ್ರೀಯ ಪರಿಷತ್ತು ಎನ್‌ಸಿಟಿಇ 2014ರಲ್ಲಿ ನಿಯಮ ಬದಲಿಸಿ ಕೋರ್ಸನ್ನು ಎರಡು ವರ್ಷ ಮಾಡಿದಾಗ ಸೇರಿದ್ದು. ಕಲೆ ಶಾಲೆಯ ಎಲ್ಲ ಹಂತದಲ್ಲೂ ಇರಬೇಕು ಅಂತ 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಮೊದಲೇ ಹೇಳಿತ್ತು. ಆದರೆ ಎಷ್ಟೋ ಜನರಿಗೆ ಈ ಪತ್ರಿಕೆ ಅಂದರೆ ಒಂದು ರೆಕಾರ್ಡ್ ಪುಸ್ತಕ, ಅಷ್ಟೇ. ದುಡ್ಡು ಕೊಟ್ಟು ಯಾರ ಕೈಲೋ ಚಿತ್ರ ಬರೆಸಿ ಸಹಿ ಹಾಕಿಸಿಕೊಂಡರೆ ಮುಗೀತು. ನಾನು ಗಣಿತದವಳು, ಚಿತ್ರ ಬರೆಯುವ ಅಭ್ಯಾಸವೇ ಇಲ್ಲ. ಆದರೂ ಒಂದನ್ನಾದರೂ ಸ್ವಂತ ಕೈಯಲ್ಲಿ ಮಾಡೋಣ ಅನ್ನಿಸಿತು. ಶಿವಮೊಗ್ಗ ಜಿಲ್ಲೆಯ ಸಾಗರದ ಕಡೆಯವಳು, ಹಾಗಾಗಿ ಹಸೆ ಚಿತ್ತಾರ.

ಇದು ಮಲೆನಾಡಿನ ದೀವರು ಸಮುದಾಯದ ಹೆಂಗಸರ ಕಲೆ. ಮದುಮಕ್ಕಳು ಕೂರುವ ಜಾಗದ ಹಿಂದಿನ ಗೋಡೆಗೆ ಬರೆಯುತ್ತಾರೆ. ಭೂಮಿಗೆ ಪೂಜೆ ಮಾಡುವ ಭೂಮಿ ಹುಣ್ಣಿಮೆ ಹಬ್ಬದ ಬುಟ್ಟಿಯ ಮೇಲೂ ಬರೆಯುತ್ತಾರೆ. ಅಂಗಡಿ ಬಣ್ಣ ಬೇಕಿಲ್ಲ. ಹಿನ್ನೆಲೆಗೆ ಕೆಮ್ಮಣ್ಣು, ಬಿಳಿಗೆ ನೆನೆಸಿ ಅರೆದ ಅಕ್ಕಿ, ಕಪ್ಪಿಗೆ ಕಪ್ಪಾಗುವ ತನಕ ಹುರಿದ ಅಕ್ಕಿ, ಹಳದಿಗೆ ಗುರಿಗೆ ಅನ್ನೋ ಮರದ ಕಾಯಿ. ಪುಂಡಿ ಗಿಡದ ನಾರೇ ಕುಂಚ.

ನಮ್ಮೂರಿನ ಒಬ್ಬರು ಅಜ್ಜಿಯ ಹತ್ತಿರ ಕೂತು ಕಲಿತೆ. ಮೊದಲು ಮಣ್ಣು ಜರಡಿ ಹಿಡಿಯೋ ಕೆಲಸವೇ ಜಾಸ್ತಿ. ಅಕ್ಕಿ ಹಿಟ್ಟಿನ ಗೆರೆ ಹಸಿ ಇದ್ದಾಗ ಕೆಮ್ಮಣ್ಣಿನ ಮೇಲೆ ಸರಿಯಾಗಿ ಕಾಣೋದೇ ಇಲ್ಲ, ಒಣಗುತ್ತಾ ಬೆಳ್ಳಗಾಗುತ್ತದೆ. “ಕಾಣ್ತಾನೇ ಇಲ್ಲ ಅಜ್ಜಿ, ಇನ್ನೊಂದು ಸಲ ಎಳೀಲಾ?” ಅಂದೆ. “ಸುಮ್ನಿರು ತಂಗಿ, ಒಣಗ್ಲಿ. ಆಮೇಲೆ ನೋಡು.”

ಅವರು ನನ್ನ ಗೆರೆಯನ್ನು ಒಮ್ಮೆಯೂ ತಿದ್ದಲಿಲ್ಲ, ಹೊಗಳಲೂ ಇಲ್ಲ. ಗೆರೆ ನಡುಗಿದಾಗ ನನ್ನ ಮೊಣಕೈ ಹಿಡಿದು ಮೊಣಕಾಲಿನ ಮೇಲೆ ಊರಿಸಿದರು. ಗೆರೆ ತಾನಾಗಿ ನೆಟ್ಟಗಾಯಿತು. ಬೋಧನಾ ವಿಧಾನದ ಪುಸ್ತಕಗಳಲ್ಲಿ ಇದಕ್ಕೆ ದೊಡ್ಡ ದೊಡ್ಡ ಹೆಸರು ಇರಬಹುದು. ನನಗೆ ಅರ್ಥವಾಗಿದ್ದು ಮೊಣಕೈಯಿಂದ. ಮಗು ಲೆಕ್ಕ ತಪ್ಪಿದಾಗ ಉತ್ತರದ ಮೇಲೆ ಕೆಂಪು ಗೀಟು ಎಳೆಯೋದಕ್ಕಿಂತ ಮುಂಚೆ ಅದು ಹೇಗೆ ಕೂತಿದೆ, ಎಲ್ಲಿಂದ ಶುರು ಮಾಡಿದೆ ಅಂತ ನೋಡೋ ಅಭ್ಯಾಸ ಅಲ್ಲಿಂದ ಬಂತು. “ಚೆನ್ನಾಗಿದೆ” ಅಂತ ತಕ್ಷಣ ಹೇಳೋದೂ ಕಡಿಮೆಯಾಯಿತು. “ಮೊದಲು ಯಾವ ಗೆರೆ ಎಳೆದೆ?” ಅಂತ ಕೇಳಿದರೆ ಮಕ್ಕಳು ಜಾಸ್ತಿ ಮಾತಾಡುತ್ತಾರೆ.

ಇಂಟರ್ನ್‌ಶಿಪ್‌ನಲ್ಲಿ ಏಳನೇ ತರಗತಿಗೆ ಸಮಮಿತಿ ಪಾಠ ಸಿಕ್ಕಿತು, ಅಂದರೆ ನಡುಗೆರೆಯ ಎರಡೂ ಕಡೆ ಒಂದೇ ಥರ ಇರೋದು, ಅಥವಾ ತಿರುಗಿಸಿದರೂ ಮೊದಲಿನ ಹಾಗೇ ಕಾಣೋದು. ಪುಸ್ತಕದ ಚಿತ್ರ ಬಿಟ್ಟು, ಕೆಮ್ಮಣ್ಣು ಬಳಿದ ರಟ್ಟು ಕೊಟ್ಟು ತೇರು ಬರೆಯಿರಿ ಅಂದೆ. (ಡ್ರಾಯಿಂಗ್ ಶೀಟ್ ಬೇಡ, ಮಣ್ಣು ಒಣಗಿದರೆ ಸುರುಳಿ ಸುತ್ತಿಕೊಳ್ಳುತ್ತದೆ.) ನಡುವೆ ಗೆರೆ ಎಳೆದು ಎರಡೂ ಕಡೆ ಹೋಲಿಸಬೇಕು. ಒಬ್ಬ ಹುಡುಗಿ ಎಲ್ಲ ಸರಿಯಾಗಿ ಬರೆದು, ತುದಿಯ ಬಾವುಟ ಮಾತ್ರ ಬಲಕ್ಕೆ ಹಾರಿಸಿದ್ದಳು. ಪಕ್ಕದವನು, “ಇದು ಸಮಮಿತಿ ಅಲ್ಲ ಟೀಚರ್” ಅಂದ. ಅವಳು, “ಗಾಳಿ ಒಂದೇ ಕಡೆಯಿಂದ ಅಲ್ವಾ ಬೀಸೋದು?” ಅಂದಳು.

ಇಬ್ಬರದ್ದೂ ಸರಿ ಇತ್ತು. ಮೊದಲಿನ ನಾನಾಗಿದ್ದರೆ ಬಾವುಟ ಅಳಿಸು ಅಂತಿದ್ದೆ. ಅವತ್ತು ಇಡೀ ಕ್ಲಾಸಿಗೆ ವಾದ ಬಿಟ್ಟುಕೊಟ್ಟೆ. ಬಾವುಟ ಮುಚ್ಚಿ ನೋಡಿದರು, ರಟ್ಟು ತಿರುಗಿಸಿ ನೋಡಿದರು. ಪಾಠ ನೋಡಲು ಬಂದಿದ್ದವರು “ಅವಧಿಯಲ್ಲಿ ಪಾಠ ಮುಗಿದಿಲ್ಲ” ಅಂತ ಬರೆದು ಹೋದರು. ನಿಜ, ಮುಗಿದಿರಲಿಲ್ಲ.

ಮುಂದಿನ ತರಗತಿಯಲ್ಲಿ ಅದೇ ತೇರಿನ ಚಕ್ರದಿಂದ ಪಾಠ ಮುಂದುವರಿಸಿದೆ. ಸಮ ಅಂತರದಲ್ಲಿ ಎಂಟು ಕಡ್ಡಿ ಇದ್ದ ಚಕ್ರ ಒಂದು ಸುತ್ತಿಗೆ ಎಂಟು ಸಲ ಮೊದಲಿನ ಹಾಗೇ ಕಾಣುತ್ತದೆ ಅಂತ ತಿರುಗಿಸಿ, ಎಣಿಸಿ ಹೇಳಿದ್ದು ಆ ಬಾವುಟದ ಹುಡುಗಿಯೇ.